ನಾಯಕಿಯ ನಂತರ: ಲೀಲಾವತಿಯವರ ಕಲಾಜೀವನ



ಚಲನಚಿತ್ರ ನಟಿಯ ಜೀವನಚರಿತ್ರೆ ಎಂದರೆ ಅವರು ಎಷ್ಟು ವರ್ಷ ನಾಯಕಿಯಾಗಿದ್ದರು, ಯಾರ ಯಾರ ಜೊತೆ ಅಭಿನಯಿಸಿದರು ಎಂಬ ಪಟ್ಟಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇಂದು ನಾನು ಹೇಳಹೊರಟಿರುವ ನಟಿಯ ವಿಷಯದಲ್ಲಿ ಈ ಲೆಕ್ಕ ಸರಿಹೋಗುವುದಿಲ್ಲ. ಅವರು ನಾಯಕಿಯಾಗಿ ಮೆರೆದದ್ದು ಹತ್ತು ವರ್ಷಕ್ಕೂ ಕಡಿಮೆ ಕಾಲ. ಆಮೇಲೆ ತಾಯಿಯಾಗಿ, ಅತ್ತೆಯಾಗಿ, ಅಜ್ಜಿಯಾಗಿ ದುಡಿದ ಕಾಲ ಅದರ ಹಲವು ಪಟ್ಟು. ಅವರೇ ಕನ್ನಡದ ಹಿರಿಯ ನಟಿ ಲೀಲಾವತಿ. 2023ರ ಡಿಸೆಂಬರ್ 8ರಂದು, 85ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಟಿಯೊಬ್ಬಳ ನಿಜವಾದ ಕಸುಬು ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ಅವರ ಬದುಕನ್ನೇ ಇಟ್ಟುಕೊಂಡು ನೋಡೋಣ.

ಲೀಲಾವತಿಯವರು ಹುಟ್ಟಿದ್ದು ಬೆಳ್ತಂಗಡಿಯಲ್ಲಿ. ಹೂಡೆಯ ಕಡಲ ದಂಡೆಯಿಂದ ಹೊರಟು ಉಡುಪಿ, ಕಾರ್ಕಳಗಳನ್ನು ದಾಟಿ ಘಟ್ಟದ ಕಡೆಗೆ ಸಾಗಿದರೆ ಸಿಗುವ ಊರು ಅದು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅವರು ಹುಟ್ಟಿದ 1930ರ ದಶಕದ ಕೊನೆಯಲ್ಲಿ ಇವೆಲ್ಲವೂ ಮದ್ರಾಸ್ ಪ್ರಾಂತ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಾಗಾಗಿ ಅವರನ್ನು ನಮ್ಮ ಜಿಲ್ಲೆಯ ಹೆಣ್ಣುಮಗಳು ಎಂದೇ ನಾವು ಹೇಳಿಕೊಳ್ಳಬಹುದು.

ಆದರೆ ಒಂದು ಮಾತು ಗಮನಿಸಿ. ರಾತ್ರಿಯಿಡೀ ಯಕ್ಷಗಾನ ಬಯಲಾಟ ನಡೆಯುವ ಜಿಲ್ಲೆ ನಮ್ಮದು. ಕಲೆಗೆ ಇಲ್ಲಿ ಬರಗಾಲ ಎಂದೂ ಇರಲಿಲ್ಲ. ಆದರೂ ಆ ಕಾಲದ ಮೇಳಗಳಲ್ಲಿ ದ್ರೌಪದಿಯೂ ದಮಯಂತಿಯೂ ಗಂಡಸರೇ. ಸ್ತ್ರೀವೇಷವನ್ನು ಗಂಡಸು ಕಟ್ಟುತ್ತಿದ್ದ, ಹೆಂಗಸರು ಚಾಪೆ ಹಾಸಿ ಕುಳಿತು ನೋಡುತ್ತಿದ್ದರು. ಹೆಣ್ಣುಮಗಳೊಬ್ಬಳಿಗೆ ಅಭಿನಯವೇ ಬದುಕಾಗಬೇಕಾದರೆ ಊರಿನ ರಂಗಸ್ಥಳದಲ್ಲಿ ಜಾಗವಿರಲಿಲ್ಲ. ಘಟ್ಟ ಹತ್ತಬೇಕಿತ್ತು, ನಾಟಕ ಕಂಪನಿ ಸೇರಬೇಕಿತ್ತು. ಕರಾವಳಿಯ ಅನೇಕ ನಟಿಯರ ದಾರಿ ಮೈಸೂರು ಅಥವಾ ಮದರಾಸಿನ ಕಡೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ಲೀಲಾವತಿಯವರು ಮೊದಲು ತೆರೆಯ ಮೇಲೆ ಕಾಣಿಸಿಕೊಂಡದ್ದು 1949ರಲ್ಲಿ, ‘ನಾಗಕನ್ನಿಕಾ’ ಎಂಬ ಚಿತ್ರದ ಒಂದು ಸಣ್ಣ ಪಾತ್ರದಲ್ಲಿ. ಆಗ ಅವರಿನ್ನೂ ಹನ್ನೊಂದು ಹನ್ನೆರಡು ವರ್ಷದ ಹುಡುಗಿ. ಆ ಚಿತ್ರ ತಯಾರಾದದ್ದು ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯಲ್ಲಿ. ಈ ಸಂಸ್ಥೆಯನ್ನು ಕಟ್ಟಿದವರು ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ. ಮುಂದೆ ಮಾಯಾಮಂತ್ರಗಳ ಜಾನಪದ ಚಿತ್ರಗಳಿಂದ ತೆಲುಗಿನಲ್ಲಿ ಮನೆಮಾತಾದ ಈ ವಿಠಲಾಚಾರ್ಯರು ನಮ್ಮ ಉದ್ಯಾವರದವರು.

ಸಣ್ಣ ಪಾತ್ರಗಳಿಂದ ಹೊಟ್ಟೆ ತುಂಬುವುದಿಲ್ಲ. ಲೀಲಾವತಿಯವರು ಮಹಾಲಿಂಗ ಭಾಗವತರ ನಾಟಕ ಕಂಪನಿಯನ್ನು ಸೇರಿದರು. ಕಂಪನಿ ನಾಟಕವೆಂದರೆ ಏನು ಎಂಬುದು ಇಂದಿನ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿಯದಿರಬಹುದು. ಕಂಪನಿ ಊರಿಂದೂರಿಗೆ ಹೋಗುತ್ತದೆ, ಅಲ್ಲೇ ಕ್ಯಾಂಪ್ ಹಾಕುತ್ತದೆ, ರಾತ್ರಿ ನಾಟಕ, ಹಗಲು ತಾಲೀಮು. ಇಂದು ಸಖಿ, ನಾಳೆ ರಾಣಿ. ಮಾತು ಮರೆತರೆ ಎದುರಿನ ನಟ ಕಾಪಾಡಬೇಕು, ಅವನು ಮರೆತರೆ ಇವಳು ಕಾಪಾಡಬೇಕು. ಕೊನೆಯ ಸಾಲಿನವನಿಗೂ ಪ್ರತಿ ಅಕ್ಷರ ಕೇಳಿಸಬೇಕು. ನಟನೆಗೆ ಶಾಲೆಗಳಿಲ್ಲದ ಕಾಲದಲ್ಲಿ ಈ ಕಂಪನಿಗಳೇ ನಮ್ಮ ಕಲಾವಿದರ ಶಾಲೆ, ಕಾಲೇಜು. ಡಾ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಎಲ್ಲರೂ ಇಲ್ಲಿಂದಲೇ ಬಂದವರು. 1958ರಲ್ಲಿ ಮಹಾಲಿಂಗ ಭಾಗವತರ ‘ಮಾಂಗಲ್ಯ ಯೋಗ’ ಚಿತ್ರದಲ್ಲಿ ಲೀಲಾವತಿಯವರು ನಾಯಕಿಯಾದರು.

ಮುಂದಿನ ತಿರುವು 1960ರದು. ಆ ಹೊತ್ತಿಗೆ ಕನ್ನಡದಲ್ಲಿ ಚಿತ್ರಗಳ ಸಂಖ್ಯೆ ಕುಸಿದು ಕಲಾವಿದರಿಗೆ ಕೆಲಸವೇ ಇಲ್ಲದಂತಾಗಿತ್ತು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಸಂಘವೊಂದನ್ನು ಕಟ್ಟಿ, ಊರೂರು ತಿರುಗಿ ನಾಟಕವಾಡಿ, ತಾವೇ ಒಂದು ಚಿತ್ರ ತಯಾರಿಸಿದರು. ಅದು ‘ರಣಧೀರ ಕಂಠೀರವ’. ಕಲಾವಿದರು ತಮ್ಮ ಅನ್ನಕ್ಕಾಗಿ ತಾವೇ ಕಟ್ಟಿದ ಈ ಚಿತ್ರದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿಯಾದವರು ಲೀಲಾವತಿ. ಅದೇ ವರ್ಷ ‘ರಾಣಿ ಹೊನ್ನಮ್ಮ’, 1961ರಲ್ಲಿ ‘ಕಣ್ತೆರೆದು ನೋಡು’, 1962ರಲ್ಲಿ ‘ಗಾಳಿಗೋಪುರ’ ಮತ್ತು ‘ಕರುಣೆಯೇ ಕುಟುಂಬದ ಕಣ್ಣು’, 1963ರಲ್ಲಿ ‘ಕುಲವಧು’ ಹೀಗೆ ಒಂದರ ಹಿಂದೆ ಒಂದು ಬಂದವು. ಇವುಗಳಲ್ಲಿ ಕೊನೆಯ ಎರಡು ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ಆಧರಿಸಿದವು. ಪೌರಾಣಿಕ, ಐತಿಹಾಸಿಕ ಕಥೆಗಳಲ್ಲೇ ಸುತ್ತುತ್ತಿದ್ದ ಕನ್ನಡ ಚಿತ್ರ ಮಧ್ಯಮ ವರ್ಗದ ಮನೆಯೊಳಕ್ಕೆ ಕಾಲಿಟ್ಟ ಸಮಯ ಅದು. ಮನೆಯೊಳಗಿನ ಕಥೆಗೆ ಕಿರೀಟ ತೊಟ್ಟ ಧ್ವನಿ ಒಗ್ಗುವುದಿಲ್ಲ. ಅಡುಗೆಮನೆಯಲ್ಲಿ ಸೊಸೆ ಮಾತಾಡುವಂತೆಯೇ ಮಾತಾಡಬೇಕು. ಕಂಪನಿಯ ಗಟ್ಟಿದನಿಯನ್ನು ಕಲಿತವರು ಈಗ ಅದನ್ನು ಇಳಿಸುವುದನ್ನು ಕಲಿಯಬೇಕಾಯಿತು.

ಇಲ್ಲಿ ಸ್ವಲ್ಪ ವಿಜ್ಞಾನದ ಮಾತು ಹೇಳಿದರೆ ನಟಿಯ ಕೆಲಸ ಎಷ್ಟು ಸೂಕ್ಷ್ಮವೆಂಬುದು ತಿಳಿಯುತ್ತದೆ. 35 ಮಿಲಿಮೀಟರ್ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಒಂದು ಅಡಿ ಫಿಲ್ಮಿನಲ್ಲಿ 16 ಚೌಕಟ್ಟುಗಳು. ನೀವೇ ಲೆಕ್ಕ ಹಾಕಿ, 1000 ಅಡಿಯ ಒಂದು ಸುರುಳಿ ಸುಮಾರು ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಈ ಕಚ್ಚಾ ಫಿಲ್ಮ್ ಹೊರದೇಶದಿಂದ ಬರಬೇಕಿತ್ತು. ಚಿಕ್ಕ ಬಂಡವಾಳದ ಕನ್ನಡ ನಿರ್ಮಾಪಕನಿಗೆ ಪ್ರತಿ ಅಡಿಯೂ ಕಾಸು. ನಟಿ ಒಂದು ಮಾತು ತಪ್ಪಿದರೆ ಹಣ ಹೋಯಿತು. ಹಾಗಾಗಿ ಒಂದೇ ಟೇಕಿನಲ್ಲಿ ಮುಗಿಸುವ ಕಲಾವಿದರಿಗೆ ಬೆಲೆ ಹೆಚ್ಚು. ಕಂಪನಿ ನಾಟಕದ ತಾಲೀಮು ಇಲ್ಲಿ ಕೈಹಿಡಿಯುತ್ತಿತ್ತು.

ಇನ್ನು ಕ್ಲೋಸಪ್. ನಾವು ಒಮ್ಮೆ ಕಣ್ಣು ಮಿಟುಕಿಸಲು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯ ಬೇಕಿಲ್ಲ. ನಾಟಕದ ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಅದು ಕಾಣಿಸುವುದೇ ಇಲ್ಲ. ಆದರೆ ಫಿಲ್ಮಿನಲ್ಲಿ ಅದು ಏಳೆಂಟು ಚೌಕಟ್ಟುಗಳನ್ನು ಆಕ್ರಮಿಸುತ್ತದೆ. ಮುಖವು ತೆರೆಯ ಎತ್ತರಕ್ಕೆ ಹಿಗ್ಗಿದಾಗ ರೆಪ್ಪೆಯ ಆ ಚಲನೆಯೇ ಒಂದು ದೊಡ್ಡ ಘಟನೆ. ರಂಗದಲ್ಲಿ ತೋಳೆತ್ತಿ ಹೇಳಬೇಕಾದ್ದನ್ನು ಕ್ಯಾಮೆರಾದ ಮುಂದೆ ರೆಪ್ಪೆಯಿಂದ ಹೇಳಬೇಕು. ಜೊತೆಗೆ ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಸೆಟ್ ಖರ್ಚು ಉಳಿಸಲು ಒಂದೇ ಮನೆಯ ಮದುವೆ ದೃಶ್ಯವನ್ನೂ ಸಾವಿನ ದೃಶ್ಯವನ್ನೂ ಒಂದೇ ದಿನ ತೆಗೆಯಬಹುದು. ಯಾವ ದೃಶ್ಯದಲ್ಲಿ ದುಃಖ ಎಷ್ಟಿತ್ತು, ಧ್ವನಿ ಎಲ್ಲಿ ನಿಂತಿತ್ತು ಎಂಬ ಲೆಕ್ಕವನ್ನು ನಟಿ ತಲೆಯೊಳಗೇ ಇಟ್ಟುಕೊಳ್ಳಬೇಕು.

ಹಾಡಿನ ವಿಷಯ ಇನ್ನೂ ಕುತೂಹಲಕರ. 1963ರಲ್ಲಿ ಬಂದ ‘ವೀರಕೇಸರಿ’ಯನ್ನು ನಿರ್ದೇಶಿಸಿದವರು ನಮ್ಮ ವಿಠಲಾಚಾರ್ಯರೇ. ನಾಯಕ ರಾಜ್‌ಕುಮಾರ್, ನಾಯಕಿ ಲೀಲಾವತಿ. ಅದರಲ್ಲಿ ಘಂಟಸಾಲ ಮತ್ತು ಪಿ. ಸುಶೀಲಾ ಹಾಡಿದ ಯುಗಳ ಗೀತೆಯೊಂದು ಇಂದಿಗೂ ಹಳೆಯ ಹಾಡುಗಳ ಕಾರ್ಯಕ್ರಮಗಳಲ್ಲಿ ಕೇಳಿಬರುತ್ತದೆ. ಮೊದಲೇ ಧ್ವನಿಮುದ್ರಣವಾದ ಹಾಡನ್ನು ಚಿತ್ರೀಕರಣದ ಜಾಗದಲ್ಲಿ ಹಾಕುತ್ತಾರೆ, ನಟಿ ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ. ತುಟಿ ಮಾತ್ರ ಆಡಿದರೆ ಸಾಲದು. ಗಾಯಕಿ ಉಸಿರೆಳೆದ ಕಡೆ ನಟಿಯ ಕೊರಳೂ ಉಸಿರೆಳೆಯಬೇಕು. ಅದು ತಪ್ಪಿದರೆ ಹಾಡು ಮುಖದಿಂದ ಕಳಚಿಕೊಂಡು ಬೇರೆಲ್ಲಿಂದಲೋ ಬಂದಂತೆ ಕೇಳುತ್ತದೆ. ಆ ಹಾಡನ್ನು ಮುಂದಿನ ಸಲ ನೋಡುವಾಗ ಲೀಲಾವತಿಯವರ ಕೊರಳನ್ನು ಗಮನಿಸಿ.

ಈಗ ನಾನು ಮುಖ್ಯ ವಿಷಯಕ್ಕೆ ಬರುತ್ತೇನೆ. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಗೆಜ್ಜೆಪೂಜೆ’ ತಯಾರಾಯಿತು. ಎಂ.ಕೆ. ಇಂದಿರಾ ಅವರ ಕಾದಂಬರಿ ಅದಕ್ಕೆ ಆಧಾರ. ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ ಇದು. ಗೆಜ್ಜೆಪೂಜೆ ಎಂಬ ಶಾಸ್ತ್ರ ಮಾಡಿ ಹೆಣ್ಣುಮಕ್ಕಳನ್ನು ಕುಲದ ವೃತ್ತಿಗೆ ಇಳಿಸುವ ಮನೆತನವೊಂದರಲ್ಲಿ ಹುಟ್ಟಿದ ಹುಡುಗಿ, ಎಲ್ಲರಂತೆ ಓದಿ ಮದುವೆಯಾಗಿ ಬಾಳಬೇಕೆಂದು ಬಯಸುವ ಕಥೆ. ಹುಡುಗಿ ಚಂದ್ರಾ ಪಾತ್ರದಲ್ಲಿ ಕಲ್ಪನಾ. ಅವಳ ತಾಯಿಯಾಗಿ ಲೀಲಾವತಿ. ಕಲ್ಪನಾ ಹುಟ್ಟಿದ್ದು 1943ರಲ್ಲಿ. ಅಂದರೆ ತೆರೆಯ ಮೇಲಿನ ಈ ತಾಯಿಗೂ ಮಗಳಿಗೂ ನಿಜದಲ್ಲಿ ಇದ್ದ ವಯಸ್ಸಿನ ಅಂತರ ಐದಾರು ವರ್ಷ ಮಾತ್ರ! ಆರು ವರ್ಷದ ಹಿಂದೆ ‘ಕುಲವಧು’ವಾಗಿದ್ದವರು ಮೂವತ್ತೊಂದು ಮೂವತ್ತೆರಡರ ಹರೆಯದಲ್ಲಿ, ಮದುವೆಗೆ ಬಂದ ಮಗಳ ತಾಯಿಯಾದರು.

ಇದು ಲೀಲಾವತಿಯವರೊಬ್ಬರ ಕಥೆಯಲ್ಲ. ಭಟ್ಕಳದವರಾದ ಪಂಢರಿಬಾಯಿಯವರನ್ನು ನೆನೆಯಿರಿ. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಅವರು ರಾಜ್‌ಕುಮಾರ್ ಅವರ ಮೊದಲ ನಾಯಕಿ. ಇಬ್ಬರೂ ಹೆಚ್ಚುಕಡಿಮೆ ಸಮವಯಸ್ಕರು. ಇಪ್ಪತ್ತು ವರ್ಷ ಕಳೆದು 1974ರಲ್ಲಿ ‘ಎರಡು ಕನಸು’ ಬಂದಾಗ ರಾಜ್‌ಕುಮಾರ್ ಇನ್ನೂ ನಾಯಕರೇ, ಪಂಢರಿಬಾಯಿಯವರು ಅವರ ತಾಯಿ. ಗಂಡಸಿನ ವಯಸ್ಸು ತೆರೆಯ ಮೇಲೆ ನಿಧಾನವಾಗಿ ಓಡುತ್ತದೆ, ಹೆಂಗಸಿನ ವಯಸ್ಸು ವೇಗವಾಗಿ ಓಡುತ್ತದೆ. ನಾನು ಓದಿದ ಭೌತಶಾಸ್ತ್ರದಲ್ಲಿ ಇದಕ್ಕೆ ಸೂತ್ರವಿಲ್ಲ. ಇದು ಮಾರುಕಟ್ಟೆಯ ಸೂತ್ರ. ನಾಯಕನಿಗಾಗಿ ಜನ ಬರುತ್ತಾರೆ, ನಾಯಕಿ ಹೊಸಬಳಾಗಿರಲಿ ಎಂದು ಲೆಕ್ಕ ಹಾಕಿದವರು ನಿರ್ಮಾಪಕರು. ಟಿಕೆಟ್ ಕೊಂಡು ಆ ಲೆಕ್ಕಕ್ಕೆ ಒಪ್ಪಿಗೆ ಕೊಟ್ಟವರು ಪ್ರೇಕ್ಷಕರಾದ ನಾವೇ.

‘ಗೆಜ್ಜೆಪೂಜೆ’ಯಲ್ಲಿ ಪಂಢರಿಬಾಯಿಯವರೂ ಇದ್ದಾರೆ. ಭಟ್ಕಳದ ಪಂಢರಿಬಾಯಿ, ಬೆಳ್ತಂಗಡಿಯ ಲೀಲಾವತಿ, ದಕ್ಷಿಣ ಕನ್ನಡದವರೇ ಆದ ಕಲ್ಪನಾ, ಹೀಗೆ ಕರಾವಳಿಯ ಮೂರು ತಲೆಮಾರಿನ ನಾಯಕಿಯರು ಒಂದೇ ಚಿತ್ರದಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಕಲ್ಪನಾ ಕನ್ನಡದ ಮಿನುಗುತಾರೆ ಎನಿಸಿದರು, 1979ರಲ್ಲಿ ಮೂವತ್ತಾರು ತುಂಬುವ ಮೊದಲೇ ಇಲ್ಲವಾದರು. ನಾಯಕಿಯ ಪಟ್ಟದ ಆಚೆಗೆ ನಟಿಗೆ ಏನಿದೆ ಎಂಬ ಪ್ರಶ್ನೆಯನ್ನು ಚಿತ್ರರಂಗ ಗಂಭೀರವಾಗಿ ಕೇಳಿಕೊಂಡಿರಲಿಲ್ಲ. ಲೀಲಾವತಿಯವರು ಆ ಪ್ರಶ್ನೆಗೆ ತಮ್ಮ ಕೆಲಸದಿಂದಲೇ ಉತ್ತರ ಕೊಟ್ಟರು.

ಆ ಉತ್ತರ ಯಾವ ರೀತಿಯದು? ‘ಗೆಜ್ಜೆಪೂಜೆ’ಯ ತಾಯಿ ಅಳುವುದಕ್ಕೆಂದೇ ಬಂದ ತಾಯಿಯಲ್ಲ. ತಾನು ಬಿದ್ದ ಹೊಂಡಕ್ಕೆ ಮಗಳು ಬೀಳಬಾರದು ಎಂಬ ಹಟ ಒಂದು ಕಡೆ, ಮನೆತನದ ಹಿಡಿತವನ್ನು ಬಿಡಿಸಿಕೊಳ್ಳಲಾರದ ಅಸಹಾಯಕತೆ ಇನ್ನೊಂದು ಕಡೆ. ಈ ಎರಡನ್ನೂ ಒಂದೇ ಮುಖದಲ್ಲಿ ಇಡಬೇಕು. ಮಗಳ ದುರಂತ ಪ್ರೇಕ್ಷಕನಿಗೆ ತಟ್ಟುವುದು ತಾಯಿಯ ಆಸೆ ನಿಜವೆನಿಸಿದಾಗ ಮಾತ್ರ. ಈ ಪಾತ್ರಕ್ಕೆ ಲೀಲಾವತಿಯವರಿಗೆ ಶ್ರೇಷ್ಠ ಪೋಷಕ ನಟಿ ರಾಜ್ಯ ಪ್ರಶಸ್ತಿ ಬಂತು.

1972ರಲ್ಲಿ ಪುಟ್ಟಣ್ಣನವರದೇ ‘ನಾಗರಹಾವು’ ಬಂತು. ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಹೆಣೆದ ಕಥೆ. ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್. ಮೇಷ್ಟ್ರ ಹೆಂಡತಿ ತುಂಗಾ ಪಾತ್ರ ಲೀಲಾವತಿಯವರದು. ಇದು ಹೆತ್ತ ತಾಯಿಯ ಪಾತ್ರವೇ ಅಲ್ಲ. ಮಕ್ಕಳಿಲ್ಲದ ಹೆಂಗಸು ಊರೆಲ್ಲ ಬೈಯುವ ಹುಡುಗನೊಬ್ಬನನ್ನು ಮಗನಂತೆ ಕಾಣುತ್ತಾಳೆ. ಚಾಮಯ್ಯ ಮೇಷ್ಟ್ರು ಎಲ್ಲರಿಗೂ ನೆನಪಿದ್ದಾರೆ. ಆದರೆ ಆ ಮನೆ ರಾಮಾಚಾರಿಗೆ ಮನೆಯೆನಿಸುವುದು ತುಂಗಮ್ಮನಿಂದ. ಮೇಷ್ಟ್ರು ಅವನಿಗೆ ಏನು ಮಾಡಬೇಕೆಂದು ಹೇಳುತ್ತಾರೆ, ತುಂಗಮ್ಮ ಅವನಿಗೆ ಹಸಿವಾಗಿದೆಯೇ ಎಂದು ನೋಡುತ್ತಾರೆ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವನು ನಡೆದುಕೊಂಡದ್ದರ ಫಲವನ್ನು ಕಥೆ ಕೊನೆಗೆ ಕಟುವಾಗಿಯೇ ತೋರಿಸುತ್ತದೆ. ಆ ಕಹಿಯ ನಡುವೆ ಪ್ರೇಕ್ಷಕನಿಗೆ ಉಳಿಯುವ ಬೆಚ್ಚನೆಯ ಜಾಗ ತುಂಗಮ್ಮನ ಮನೆ. ಮುಂದೆ 1974ರ ‘ಭಕ್ತ ಕುಂಬಾರ’ದಂಥ ಚಿತ್ರಗಳು, ಹಾಸ್ಯ ಚಿತ್ರಗಳು, ತಮಿಳು, ತೆಲುಗು, ತುಳು ಚಿತ್ರಗಳು ಎಂದು ಅವರ ಕೆಲಸ ಸಾಗಿತು. ಅವರ ಚಿತ್ರಗಳ ಸಂಖ್ಯೆ ಸುಮಾರು 600 ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅವುಗಳಲ್ಲಿ ಕನ್ನಡದವೇ ಹೆಚ್ಚು.

ಇಷ್ಟಾದರೂ ಒಂದು ಕೊರತೆಯನ್ನು ಹೇಳಲೇಬೇಕು. ನಮ್ಮ ಚಿತ್ರಗಳಲ್ಲಿ ತಾಯಿ ಪಕ್ಕದಲ್ಲಿ ನಿಂತವಳು. ಕಥೆ ಅವಳದಲ್ಲ. ಬೇರೆ ಕಡೆ ಏನಾಯಿತು ಎಂಬುದನ್ನೂ ನೋಡಿ. ಫ್ರಾನ್ಸಿನಲ್ಲಿ ಸಿಮೋನ್ ಸಿನ್ಯೋರೆ ಎಂಬ ನಟಿ ಇದ್ದರು. ಹುಟ್ಟಿದ್ದು 1921ರಲ್ಲಿ, ತೀರಿಕೊಂಡದ್ದು 1985ರಲ್ಲಿ. ‘ರೂಮ್ ಅಟ್ ದಿ ಟಾಪ್’ ಎಂಬ ಬ್ರಿಟಿಷ್ ಚಿತ್ರಕ್ಕಾಗಿ 1960ರಲ್ಲಿ ಅವರಿಗೆ ಆಸ್ಕರ್ ದೊರೆತಿತ್ತು. ರೂಪಕ್ಕೆ ಹೆಸರಾಗಿದ್ದ ಅವರು ವಯಸ್ಸನ್ನು ಮರೆಮಾಚುವ ಗೋಜಿಗೆ ಹೋಗಲಿಲ್ಲ. ದಪ್ಪಗಾದ ಮೈ, ಸುಕ್ಕಾದ ಮುಖ ಎಲ್ಲವನ್ನೂ ಕ್ಯಾಮೆರಾಕ್ಕೆ ಹಾಗೆಯೇ ಒಪ್ಪಿಸಿದರು. 1977ರಲ್ಲಿ, 56ರ ವಯಸ್ಸಿನಲ್ಲಿ ಅವರು ‘ಮದಾಂ ರೋಸಾ’ ಚಿತ್ರದ ಮುಖ್ಯ ಪಾತ್ರ ವಹಿಸಿದರು. ಪ್ಯಾರಿಸ್ಸಿನ ಬಡ ಬೀದಿಯೊಂದರ ಮೇಲ್ಮಹಡಿಯಲ್ಲಿ, ವೇಶ್ಯಾವೃತ್ತಿಯ ಹೆಂಗಸರ ಮಕ್ಕಳನ್ನು ಸಾಕುವ ಯಹೂದಿ ಮುದುಕಿಯ ಕಥೆ ಅದು. ನಮ್ಮ ‘ಗೆಜ್ಜೆಪೂಜೆ’ಯ ಲೋಕದಿಂದ ಬಹಳ ದೂರವೇನಲ್ಲ. ವ್ಯತ್ಯಾಸ ಒಂದೇ: ಇಲ್ಲಿ ಹಿರಿಯ ಹೆಂಗಸು ಕಥೆಯ ಅಂಚಿನಲ್ಲಿದ್ದರೆ, ಅಲ್ಲಿ ಕಥೆ ಅವಳ ಸುತ್ತ ತಿರುಗುತ್ತದೆ. ಆ ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರವೆಂದು ಆಸ್ಕರ್ ಬಂತು, ಸಿನ್ಯೋರೆ ಅವರಿಗೆ ತಮ್ಮ ದೇಶದ ಸೆಸಾರ್ ಪ್ರಶಸ್ತಿ ಬಂತು.

ನಮ್ಮಲ್ಲೂ ಹಾಗಾಗದೇ ಇಲ್ಲ. ನಮ್ಮ ಕುಂದಾಪುರದ ಲೇಖಕಿ ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ‘ಗುಲಾಬಿ ಟಾಕೀಸು’ ಮಾಡಿದರು. ಕಡಲ ದಂಡೆಯ ಮೀನುಗಾರರ ಕೇರಿ, ಸೂಲಗಿತ್ತಿಯಾದ ಗುಲಾಬಿ, ಅವಳ ಸಿನಿಮಾ ಹುಚ್ಚು, ಆ ಮನೆಗೆ ಬಂದ ಟೆಲಿವಿಷನ್ ಇವು ಅದರ ವಸ್ತು. ಹೂಡೆ, ಮಲ್ಪೆ, ಕಾಪುಗಳ ವಿದ್ಯಾರ್ಥಿಗಳಿಗೆ ಇದು ಪಕ್ಕದ ಮನೆಯ ಕಥೆಯಂತೆಯೇ ಕಂಡೀತು. ಗುಲಾಬಿಯಾಗಿ ಅಭಿನಯಿಸಿದ ಉಮಾಶ್ರೀಯವರಿಗೆ 2007ನೆಯ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ದೊರೆಯಿತು. ಆಗ ಅವರಿಗೆ ಐವತ್ತರ ಆಸುಪಾಸು. ನಾಯಕಿಯ ವಯಸ್ಸು ಇಷ್ಟೇ ಎಂದು ಪ್ರಕೃತಿ ಹಾಕಿದ ಗೆರೆ ಯಾವುದೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕಥೆ ಬರೆಯುವವರು ಮನಸ್ಸು ಮಾಡಬೇಕು.

ಲೀಲಾವತಿಯವರ ಕಾಲಕ್ಕೆ ಅಂಥ ಕಥೆಗಳು ವಿರಳ. ಆದರೆ ಅವರು ಕೊರಗುತ್ತ ಕೂರಲಿಲ್ಲ. ಬೆಂಗಳೂರಿನ ಹೊರಗೆ, ನೆಲಮಂಗಲ ತಾಲೂಕಿನ ಸೋಲದೇವನಹಳ್ಳಿಯಲ್ಲಿ ಜಮೀನು ಮಾಡಿ, ನಟ ವಿನೋದ್ ರಾಜ್ ಅವರೊಂದಿಗೆ, ಅಂದರೆ ತಮ್ಮ ಮಗನೊಂದಿಗೆ, ಕೃಷಿಯಲ್ಲಿ ತೊಡಗಿದರು. 1999-2000ನೆಯ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿ ಅವರಿಗೆ ಸಂದಿತು. ಹಳ್ಳಿಯ ಜನರಿಗೆ ಆಸ್ಪತ್ರೆ ದೂರವಾಗುತ್ತದೆಂದು ತಾವೇ ಅಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿದರು. ಆಮೇಲೆ ದನಕರುಗಳಿಗಾಗಿ ಪಶು ಆಸ್ಪತ್ರೆಯನ್ನೂ ಕಟ್ಟಿಸಿದರು. 2023ರ ನವೆಂಬರಿನಲ್ಲಿ ಅದು ಉದ್ಘಾಟನೆಯಾಯಿತು. ಕೆಲವೇ ದಿನಗಳಲ್ಲಿ ಅವರು ಕಣ್ಮುಚ್ಚಿದರು. ತೆರೆಯ ಮೇಲೆ ನೂರಾರು ಸಲ ಊರಿನ ತಾಯಿಯಾದವರು ತೆರೆಯ ಆಚೆಗೂ ಒಂದು ಊರಿಗೆ ಹಾಗೆಯೇ ಆದರು.

ಕಲಾವಿದರು ಹೋಗುತ್ತಾರೆ, ಅವರ ಕೆಲಸ ಉಳಿಯುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ವಿಜ್ಞಾನ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಳೆಯ ಚಿತ್ರಗಳ ಫಿಲ್ಮ್ ಸೆಲ್ಯುಲೋಸಿನಿಂದ ಮಾಡಿದ್ದು. ಸೆಕೆ ಮತ್ತು ತೇವ ಸೇರಿದರೆ ಅದು ಕೊಳೆಯುತ್ತದೆ, ಡಬ್ಬಿ ತೆರೆದರೆ ವಿನಿಗರಿನ ಹುಳಿ ವಾಸನೆ ಬರುತ್ತದೆ, ಫಿಲ್ಮ್ ಕುಗ್ಗಿ ಮುರುಟುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದರ ನಾಯಕಿ ತ್ರಿಪುರಾಂಬಾ ಹೇಗೆ ಮಾತಾಡಿದರು, ಹೇಗೆ ಕಣ್ಣೆತ್ತಿ ನೋಡಿದರು ಎಂಬುದನ್ನು ಇನ್ನು ಯಾರೂ ನೋಡುವಂತಿಲ್ಲ. ಉಳಿದಿರುವುದನ್ನಾದರೂ ತಂಪಾದ, ಒಣ ಜಾಗದಲ್ಲಿ ಕಾಪಾಡಿ ಡಿಜಿಟಲ್ ಪ್ರತಿ ಮಾಡಬೇಕು. ನಿಮ್ಮಲ್ಲಿ ರಸಾಯನಶಾಸ್ತ್ರ ಓದುವವರಿಗೆ ಇಲ್ಲಿ ಕೆಲಸವಿದೆ, ಕನ್ನಡ ಓದುವವರಿಗೂ ಇದೆ.

ಕೊನೆಯದಾಗಿ ನಿಮಗೊಂದು ಸಣ್ಣ ಅಭ್ಯಾಸ ಕೊಡುತ್ತೇನೆ. ‘ವೀರಕೇಸರಿ’, ‘ಗೆಜ್ಜೆಪೂಜೆ’, ‘ನಾಗರಹಾವು’ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಒಂಬತ್ತು ವರ್ಷಗಳ ಅವಧಿಯಲ್ಲಿ ಒಬ್ಬಳೇ ನಟಿ ನಾಯಕಿಯಾಗಿ, ಮದುವೆಗೆ ಬಂದ ಮಗಳ ತಾಯಿಯಾಗಿ, ಮೇಷ್ಟ್ರ ಹೆಂಡತಿಯಾಗಿ ಹೇಗೆ ಬದಲಾಗಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಧ್ವನಿ ಎಷ್ಟು ಇಳಿಯಿತು, ಕೈ ಎಷ್ಟು ಸುಮ್ಮನಾಯಿತು, ಎದುರಿನವರು ಮಾತಾಡುವಾಗ ಮುಖ ಏನು ಮಾಡುತ್ತಿತ್ತು ಎಂಬುದನ್ನು ಗಮನಿಸಿ. ಮೂರನೆಯ ಚಿತ್ರ ಮುಗಿದಾಗ, ಪಕ್ಕದಲ್ಲಿ ನಿಂತ ಹೆಂಗಸೂ ಕಥೆಯನ್ನು ಹೊತ್ತಿರುತ್ತಾಳೆ ಎಂಬುದು ನಾನು ಹೇಳದೆಯೇ ನಿಮಗೆ ತಿಳಿಯುತ್ತದೆ. ಆಮೇಲೆ ನಿಮ್ಮ ಮನೆಯಲ್ಲಿ ಅಂಥ ಜಾಗದಲ್ಲಿ ನಿಂತಿರುವವರು ಯಾರು ಎಂದು ಒಮ್ಮೆ ತಿರುಗಿ ನೋಡಿದರೆ ಈ ಭಾಷಣ ಸಾರ್ಥಕ.